ಬೈಸಿಕೊಂಡವರ ಆಲ್ಬಮ್

ಅವನನ್ನು ಎಲ್ಲರೂ ಚುಚ್ಚುಮದ್ದು ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಇಟ್ಟವರಿಗೆ ಬುದ್ಧಿಯಿತ್ತು ಎಂದು ಒಪ್ಪಿಕೊಂಡಿದ್ದ. ಬೇರೆ ಯಾರ ವಿಷಯದಲ್ಲೂ ಅವನು ಅಷ್ಟು ಒಪ್ಪಿಕೊಂಡದ್ದಿಲ್ಲ. ಕೆಳಗೆ ಅವನ ಅಕ್ಕನ ಔಷಧಿ ಅಂಗಡಿ, ಮೇಲೆ ಅವನ ಕೋಣೆ. ಅಕ್ಕ ನೋವು ಹೋಗಲು ಮದ್ದು ಕೊಟ್ಟರೆ ತಮ್ಮ ನೋವು ಬರಲು ಕೊಡುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಇಪ್ಪತ್ತು ವರ್ಷಕ್ಕೂ ಮೀರಿ ಒಂದು ದಿನಪತ್ರಿಕೆಗೆ ಸಂಗೀತ ವಿಮರ್ಶೆ ಬರೆದವನು ಅವನು. ಅವನ ಅಂಕಣ ಓದಿದ ಮೇಲೆ ಒಬ್ಬ ಪಿಟೀಲು ವಾದಕ ಪಿಟೀಲು ಮಾರಿ ಗಾಜಿನ ತೊಟ್ಟಿ ತಂದು ಮೀನು ಸಾಕಿಕೊಂಡನಂತೆ. ಆ ಸುದ್ದಿ ಕಿವಿಗೆ ಬಿದ್ದಾಗ ಚುಚ್ಚುಮದ್ದು, "ಸದ್ಯ, ಮೀನುಗಳ ಮುಂದೆ ನುಡಿಸದಿದ್ದರೆ ಸಾಕು" ಎಂದನೇ ಹೊರತು ಅಯ್ಯೋ ಪಾಪ ಅನ್ನಲಿಲ್ಲ. ಆಮೇಲೆ ಪತ್ರಿಕೆಗೆ ಹೊಸ ಸಂಪಾದಕ ಬಂದ. ಜನಕ್ಕೆ ಈಗ ವಿಮರ್ಶೆ ಬೇಡ ಎಂದು ಅಂಕಣ ನಿಲ್ಲಿಸಿ ಆ ಜಾಗಕ್ಕೆ ಪದಬಂಧ ಹಾಕಿದ. ಚುಚ್ಚುಮದ್ದು ದಿನವೂ ಆ ಪದಬಂಧ ಬಿಡಿಸುತ್ತಿದ್ದ. ಬಿಡಿಸುತ್ತಲೇ ಅದು ಎಷ್ಟು ಕೀಳು ಮಟ್ಟದ್ದೆಂದು ಅಕ್ಕನಿಗೆ ವಿವರಿಸುತ್ತಿದ್ದ. ಬೈಯಲು ಬೇರೇನೂ ಸಿಗದ ದಿನಗಳು ಅವು.

ಅಂಥ ಹೊತ್ತಿನಲ್ಲಿ ಅಕ್ಕನ ಮಗಳು ಮೆಟ್ಟಿಲು ಹತ್ತಿ ಬಂದಳು. ಹಿಂದೆ ಕಾರು ರಿಪೇರಿ ನಡೆಯುತ್ತಿದ್ದ ಒಂದು ಗ್ಯಾರೇಜು ಹಿಡಿದು, ಅದರ ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದು, ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದವಳು. ಅವಳ ಕೂದಲಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಇರುತ್ತಿತ್ತು.

"ಮಾಮ, ಒಂದು ಆಲ್ಬಮ್ ಮಾಡ್ತಿದೀನಿ. ಬೇರೆ ಬೇರೆ ರಾಕ್ ಬ್ಯಾಂಡುಗಳು, ಒಬ್ಬೊಬ್ಬರದ್ದು ಒಂದೊಂದು ಹಾಡು. ಒಬ್ಬರ ಥರ ಇನ್ನೊಬ್ಬರಿಲ್ಲ. ಯಾವ ಕಂಪನಿಯ ಹಂಗೂ ಇಲ್ಲದೋರು."

"ಹಂಗಿಲ್ಲದೋರಾ, ಯಾವ ಕಂಪನಿನೂ ಹತ್ತಿರ ಸೇರಿಸದೋರಾ?"

"ಎರಡೂ ಅಂದ್ಕೋ. ಜೊತೆಗೊಂದು ಪುಟ್ಟ ಪುಸ್ತಕ ಇರುತ್ತೆ. ಪ್ರತಿ ಹಾಡಿಗೂ ನಾಲ್ಕು ಸಾಲು ನೀನು ಬರೀಬೇಕು."

"ಹೆಸರೇನು?"

"ಕಿವಿಗೆ ಬಿದ್ದದ್ದು."

"ಬಿದ್ದ ಕಿವಿ ಅಂತಿಡು, ಸರಿಹೋಗುತ್ತೆ."

ಅವಳು ನಕ್ಕು, ಹಾಡುಗಳಿದ್ದ ಸಿಡಿಯನ್ನು ಅವನ ಮೇಜಿನ ಮೇಲಿಟ್ಟು ಹೋದಳು. ಬರೆಯುವುದಿಲ್ಲ ಎಂದು ಬೆನ್ನ ಹಿಂದಿನಿಂದ ಕೂಗಿದ ಚುಚ್ಚುಮದ್ದು, ಅವಳು ಕೊನೆಯ ಮೆಟ್ಟಿಲು ಇಳಿಯುವುದರೊಳಗೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡಿದ್ದ.

ಎಷ್ಟೋ ದಿನಗಳ ನಂತರ ಅವನಿಗೆ ಹೊಟ್ಟೆ ತುಂಬ ಊಟ ಸಿಕ್ಕಂತಾಯಿತು. ಮೊದಲನೆಯದು 'ಉಕ್ಕಿನ ಗೋರಿ' ಎಂಬ ಬ್ಯಾಂಡು, ಎದೆ ನಡುಗಿಸುವ ಹೆವಿ ಮೆಟಲ್, ಭಾರೀ ಲೋಹದ ಸಂಗೀತವಂತೆ. ಅದಕ್ಕೆ ಅವನು ಬರೆದ: "ಪಾತ್ರೆಗಳಿದ್ದ ಕಪಾಟು ಅಡುಗೆಮನೆಯಲ್ಲಿ ಕವುಚಿಬಿದ್ದರೆ ಆ ಸದ್ದು ಒಮ್ಮೆಗೇ ಮುಗಿಯುತ್ತದೆ. ಇವರದು ಮುಗಿಯುವುದಿಲ್ಲ. ಗಾಯಕ ಮೊದಲಿನಿಂದ ಕೊನೆಯ ತನಕ ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಒದ್ದಾಡುತ್ತಾನೆ. ಪಕ್ಕದಲ್ಲಿದ್ದವರು ಬೆನ್ನಿಗೊಂದು ಗುದ್ದಬಾರದೇ?"

'ತೇಲುವ ಮೆಟ್ಟಿಲು' ಎಂಬ ತಂಡದ ಗಿಟಾರು ಎಲ್ಲಿ ಶುರುವಾಯಿತೋ ಎಲ್ಲಿ ನಿಂತಿತೋ ಕೇಳುವವನಿಗೆ ತಿಳಿಯುವಂತಿರಲಿಲ್ಲ. ಅವರಿಗೆ: "ಈ ಗಿಟಾರು ಎದ್ದುಹೋಗಲು ಬಾರದ ನೆಂಟ. ಹೊರಡುತ್ತೇನೆ ಎನ್ನುತ್ತದೆ, ಬಾಗಿಲ ತನಕ ಬರುತ್ತದೆ, ಚಪ್ಪಲಿಯನ್ನೂ ಮೆಟ್ಟುತ್ತದೆ, ಅಂದ ಹಾಗೆ ಎಂದು ಮತ್ತೆ ಒಳಗೆ ಬಂದು ಕೂರುತ್ತದೆ." ವ್ಯವಸ್ಥೆಯನ್ನೇ ಸುಟ್ಟುಬಿಡುತ್ತೇವೆ ಎಂದು ಅರಚುವ 'ಒದ್ದೆ ಬೆಂಕಿಪೊಟ್ಟಣ'ದ ಹುಡುಗರ ಬಗ್ಗೆ ಅಕ್ಕನ ಮಗಳು ಒಂದು ಗುಟ್ಟು ಬಾಯಿಬಿಟ್ಟಿದ್ದಳು. ಅದನ್ನೇ ಎತ್ತಿಕೊಂಡು ಬರೆದ: "ಇವರ ಕ್ರಾಂತಿಯನ್ನು ಸ್ಟುಡಿಯೋಕ್ಕೆ ಕಾರಿನಲ್ಲಿ ಬಿಟ್ಟುಹೋದವರು ಇವರ ಅಪ್ಪ. ವಾಪಸ್ಸು ಕರೆದೊಯ್ಯಲು ಅಮ್ಮ ಬಂದಿದ್ದರು." ಮಂಜಿನೊಳಗಿಂದ ಗುನುಗಿದಂತೆ ಹಾಡುವ ಇನ್ನೊಂದು ತಂಡಕ್ಕೆ: "ಗಾಯಕನ ಒಂದು ಪದವೂ ಕೇಳಿಸುವುದಿಲ್ಲ. ಸಾಹಿತ್ಯ ತರಿಸಿ ಓದಿದೆ. ಅವನು ನಮಗೆ ಮಾಡಿದ್ದು ಉಪಕಾರ."

ಹೀಗೆ ಒಂದೊಂದೇ ಹಾಡನ್ನು ಮಗುಚಿ ಹಾಕುತ್ತಾ ಸಾಗಿದವನು 'ಕೆಳಗಿನ ಮನೆಯವರು' ಎಂಬ ಬ್ಯಾಂಡಿನ ಹಾಡಿಗೆ ಬಂದ. ಗಿಟಾರು, ಬೇಸು, ಡ್ರಮ್ಸು, ಒಬ್ಬ ಹೆಂಗಸಿನ ದನಿ, ಅಷ್ಟೇ. ಮನೆ ಖಾಲಿ ಮಾಡುವಾಗ ಸೋಫಾ ಬಾಗಿಲಲ್ಲಿ ಸಿಕ್ಕಿಕೊಳ್ಳುವ ಹಾಡು. "ಸ್ವಲ್ಪ ಓರೆ ಮಾಡು, ಸ್ವಲ್ಪ ಮೇಲೆತ್ತು, ಒಳಗೆ ಬಂದದ್ದು ಹೊರಗೆ ಯಾಕೆ ಹೋಗ್ತಿಲ್ಲ" ಎಂದು ಆಕೆ ಏನೂ ಆಗಿಲ್ಲವೆಂಬಂತೆ ಹಾಡುತ್ತಿದ್ದಳು. ಸೋಫಾ ಸಿಕ್ಕಿಕೊಳ್ಳುವ ಕಡೆ ಡ್ರಮ್ಸು ಒಂದು ಪೆಟ್ಟು ಬಾರಿಸದೆ ಬಿಡುತ್ತಿತ್ತು. ಆ ಖಾಲಿಯಲ್ಲಿ ಚುಚ್ಚುಮದ್ದಿನ ಕೈಯ ಪೆನ್ನು ನಿಂತುಹೋಯಿತು. ಕುಟುಕುವುದಕ್ಕೆ ಏನಾದರೂ ಸಿಕ್ಕೀತೆಂದು ಮತ್ತೆ ಹಾಕಿದ. ಸಿಗಲಿಲ್ಲ. ಕೊನೆಗೆ ಮುಖ ಸಿಂಡರಿಸಿಕೊಂಡು ಬರೆದ: "ಚೆನ್ನಾಗಿದೆ." ಅದರ ಮುಂದೆ ಇನ್ನೊಂದು ಪದ ಹುಟ್ಟಲಿಲ್ಲ.

ಬರೆದದ್ದನ್ನು ಅಕ್ಕನ ಮಗಳಿಗೆ ಕಳಿಸುವಾಗ ಅವನಿಗೆ ಒಳಗೊಳಗೇ ಖುಷಿ. ಹುಡುಗಿ ಅತ್ತುಕೊಂಡು ಬರುತ್ತಾಳೆ, ಬ್ಯಾಂಡಿನವರು ಅವಳ ಮೇಲೆ ಎಗರುತ್ತಾರೆ, ಆಗ ತಾನು ಸಂಗೀತವೆಂದರೆ ಏನೆಂದು ನಿಧಾನವಾಗಿ ತಿಳಿಹೇಳಬಹುದು ಎಂದುಕೊಂಡಿದ್ದ. ಅವಳು ಅಳಲಿಲ್ಲ. ಒಂದಕ್ಷರ ತಿದ್ದದೆ ಅಚ್ಚು ಹಾಕಿಸಿದಳು.

ಬಿಡುಗಡೆಯ ಸಂಜೆ ಒಂದು ಹಳೆಯ ಗೋದಾಮಿನಲ್ಲಿ. ಚುಚ್ಚುಮದ್ದು ಬಾಗಿಲಿಗೆ ಹತ್ತಿರದ ಜಾಗ ಹಿಡಿದು ನಿಂತ, ಓಡಬೇಕಾಗಿ ಬಂದರೆ ಇರಲಿ ಎಂದು. ಬಾಗಿಲಷ್ಟೇ ಅಗಲದ ಒಬ್ಬ ದಾಂಡಿಗ ಜನರನ್ನು ಸರಿಸಿಕೊಂಡು ನೇರವಾಗಿ ಅವನತ್ತಲೇ ಬಂದ. ಉಕ್ಕಿನ ಗೋರಿಯ ಗಾಯಕ.

"ನೀವೇನಾ ಸರ್, ಬರೆದೋರು?"

"ನಾನೇ." ಚುಚ್ಚುಮದ್ದು ಕನ್ನಡಕ ತೆಗೆದು ಜೇಬಿಗಿಟ್ಟ. ಮುಖಕ್ಕೆ ಬಿದ್ದರೂ ಗಾಜು ಉಳಿಯಲಿ ಎಂದು.

ದಾಂಡಿಗ ಮೇಲಂಗಿಯ ಗುಂಡಿ ಬಿಚ್ಚಿದ. ಒಳಗಿನ ಕರಿ ಟೀ ಶರ್ಟಿನ ಮೇಲೆ ಬಿಳಿ ಅಕ್ಷರಗಳಲ್ಲಿ, ಬೆನ್ನಿಗೊಂದು ಗುದ್ದಬಾರದೇ, ಎಂದಿತ್ತು. ಅವನು ತಿರುಗಿ ನಿಂತು ಬೆನ್ನು ಕೊಟ್ಟ. "ಗುದ್ದಿ ಸರ್! ಫೋಟೋ ತೆಗೀತಾರೆ!"

ಚುಚ್ಚುಮದ್ದು ಗುದ್ದಿದ. ಗುದ್ದಿದ್ದು ನಿಜವಾದ ಸಿಟ್ಟಿನಿಂದ. ದಾಂಡಿಗ ಕೇಕೆ ಹಾಕಿ ನಕ್ಕ.

ಆಮೇಲಿನದು ಅವನ ಪಾಲಿಗೆ ಶಿಕ್ಷೆ. ಪ್ರತಿ ಬ್ಯಾಂಡೂ ವೇದಿಕೆ ಏರಿ ಮೊದಲು ತಮಗೆ ಬಿದ್ದ ಬೈಗುಳವನ್ನು ಓದಿ ಹೇಳುವುದು, ಜನ ಹೋ ಎಂದು ಕಿರುಚುವುದು, ಆಮೇಲೆ ಹಾಡು. ತೇಲುವ ಮೆಟ್ಟಿಲಿನ ಗಿಟಾರಿನವನು ನಡುವೆ ಚಪ್ಪಲಿ ಮೆಟ್ಟಿ ಹೊರಟವನಂತೆ ಮಾಡಿ ವಾಪಸ್ಸು ಬಂದ. ಚಪ್ಪಾಳೆಗೆ ಗೋದಾಮಿನ ತಗಡು ನಡುಗಿತು. ಒದ್ದೆ ಬೆಂಕಿಪೊಟ್ಟಣದವರು ಅಪ್ಪ ಅಮ್ಮ ಇಬ್ಬರನ್ನೂ ವೇದಿಕೆಗೆ ಕರೆದು ಅವರಿಂದ ಜನಕ್ಕೆ ಕೈ ಮುಗಿಸಿದರು. ಕೆಳಗಿನ ಮನೆಯವರು ಬಂದಾಗ ಮಾತ್ರ ಓದಲು ಏನೂ ಇರಲಿಲ್ಲ. "ನಮಗೆ, ಚೆನ್ನಾಗಿದೆ ಅಂತ ಬರೆದಿದಾರೆ" ಎಂದಳು ಗಾಯಕಿ. ಯಾರೋ ಆಕಳಿಸಿದರು. ಅವರ ಹಾಡು ನಡೆಯುವಾಗ ಅರ್ಧ ಜನ ಕಾಫಿಗೆ ಹೋದರು.

ಮನೆಗೆ ಬಂದು ಅವನು ಅಕ್ಕನ ಮುಂದೆ ಹಲ್ಲು ಕಡಿದ. "ಬೈದರೆ ಬೈಸಿಕೊಂಡೋರಿಗೆ ನೋಯಬೇಕಕ್ಕಾ! ಅದು ಮರ್ಯಾದೆ. ಈ ನಾಚಿಕೆಗೆಟ್ಟ ಮುಂಡೇವು ನನ್ನ ಬೈಗುಳನ ಒಡವೆ ಥರ ಹಾಕ್ಕೊಂಡು ಓಡಾಡ್ತಿದಾವೆ."

"ನಿನ್ನ ಮಾತಿಗೆ ಇಷ್ಟು ದಿನ ಯಾರು ಖುಷಿಪಟ್ಟಿದ್ರು ಹೇಳು. ಈಗ ಪಡ್ತಿದಾರೆ, ಪಡ್ಲಿ ಬಿಡು" ಎಂದಳು ಅಕ್ಕ, ಮಾತ್ರೆಯ ಡಬ್ಬಿಗಳ ಧೂಳು ಒರೆಸುತ್ತಾ.

ಆಲ್ಬಮ್ ಮಾರಾಟವಾಯಿತು. ಹಾಡಿಗಾಗಿ ಕೊಂಡವರೆಷ್ಟೋ, ಬೈಗುಳಕ್ಕಾಗಿ ಕೊಂಡವರೆಷ್ಟೋ. ಪತ್ರಿಕೆಯ ಸಂಪಾದಕ ತಾನೇ ಫೋನು ಮಾಡಿದ. "ಸರ್, ಜನಕ್ಕೆ ನಿಮ್ಮ ಬೈಗುಳ ಬೇಕು. ವಾರಕ್ಕೊಂದು ಬ್ಯಾಂಡು ಹಿಡ್ಕೊಂಡು ಝಾಡಿಸಿ. ನಿಮ್ಮ ಹಳೇ ಜಾಗಾನೇ." ವಿಮರ್ಶೆ ಎಂಬ ಪದವನ್ನು ಆತ ಅಪ್ಪಿತಪ್ಪಿಯೂ ಆಡಲಿಲ್ಲ. ಚುಚ್ಚುಮದ್ದು ಆ ಸಂಪಾದಕನನ್ನು ಮನಸ್ಸಿನಲ್ಲೇ ಕತ್ತೆ ಎಂದು ಬೈದು, ಬಾಯಲ್ಲಿ ಆಗಲಿ ಎಂದ. ಅಂಕಣ ಬೇಕಾಗಿತ್ತು ಅವನಿಗೆ. ಅದನ್ನು ಯಾರೆದುರೂ ಒಪ್ಪಿಕೊಳ್ಳುವಂತಿರಲಿಲ್ಲ, ಅಷ್ಟೇ.

ಔಷಧಿ ಅಂಗಡಿಗೆ ಈಗ ಹೊಸ ಬಗೆಯ ಗಿರಾಕಿಗಳು. ಉದ್ದ ಕೂದಲು, ಬೆನ್ನಿಗೆ ಗಿಟಾರು, ಕಣ್ಣಲ್ಲಿ ಆಸೆ. "ಸರ್ ಇದಾರಾ? ನಮಗೂ ಸ್ವಲ್ಪ ಬೈಬೇಕಿತ್ತು." ಅಕ್ಕ ಕನ್ನಡಕದ ಮೇಲಿಂದ ನೋಡಿ, "ಡಾಕ್ಟರ ಚೀಟಿ ಇದ್ರೆ ಮಾತ್ರ ಕೊಡೋದು" ಎನ್ನುತ್ತಿದ್ದಳು. ಚುಚ್ಚುಮದ್ದು ವಾರವಾರವೂ ಬರೆದ. ಬರಬರುತ್ತಾ ಬರೆಯುವುದಕ್ಕೆ ಮೊದಲು ಹಾಡು ಕೇಳುವುದನ್ನೂ ಬಿಟ್ಟ. ಬ್ಯಾಂಡಿನ ಹೆಸರು, ಒಂದು ಫೋಟೋ ಸಿಕ್ಕರೆ ಸಾಕಾಗುತ್ತಿತ್ತು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ತಿಳಿಯದವರ ಬಗ್ಗೆ ಅವನಿಗೆ ಇನ್ನಷ್ಟು ತಾತ್ಸಾರ ಹುಟ್ಟಿತು.

ಒಂದು ಮಧ್ಯಾಹ್ನ ಅವನು ಅಕ್ಕನ ಅಂಗಡಿಯಲ್ಲಿದ್ದಾಗ ಕೆಳಗಿನ ಮನೆಯವರ ಗಾಯಕಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು. ಕನ್ನಡಕದ ಅಂಗಡಿ ನಡೆಸುವವಳು, ಬಂದವಳೇ ಅವನ ಕನ್ನಡಕ ಒಂದು ಕಡೆ ವಾಲಿದ್ದನ್ನು ಗಮನಿಸಿ, ಕೈ ನೀಡಿ ತೆಗೆದುಕೊಂಡು, ಕಡ್ಡಿ ಬಗ್ಗಿಸಿ ಸರಿಮಾಡಿ ಕೊಟ್ಟಳು. ಗಿಟಾರು ಅವಳದೇ, ಡ್ರಮ್ಸ್ ನುಡಿಸುವವನು ಅವಳ ಮೈದುನ, ಬೇಸ್ ನುಡಿಸುವವಳು ನಾದಿನಿ.

"ಸರ್, ಒಂದು ಉಪಕಾರ ಮಾಡಬೇಕು. ನಮಗೆ ಬೈರಿ."

"ಯಾಕಮ್ಮ? ಚೆನ್ನಾಗಿದೆ ಅಂತ ಬರೆದಿದೀನಲ್ಲ."

"ಅದೇ ಸರ್ ತೊಂದರೆ ಆಗಿರೋದು. ಎಲ್ಲರಿಗೂ ಕಾರ್ಯಕ್ರಮ ಸಿಗ್ತಿದೆ, ನಮಗೆ ಮಾತ್ರ ಇಲ್ಲ. ಬೈಯೋದಕ್ಕೂ ಲಾಯಕ್ಕಿಲ್ಲದೋರು ಅಂತ ತಿಳ್ಕೊಂಡಿದಾರೆ. ನಾವು ನಿಮ್ಮ ಸಂಬಂಧಿಕರಾ ಅಂತ ಒಬ್ಬ ಕೇಳಿದ." ಅವಳು ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ನನ್ನ ಮೈದುನ ಉಕ್ಕಿನ ಗೋರಿಗೆ ಸೇರ್ತೀನಿ ಅಂತಿದಾನೆ. ಅವನು ಹೋದ್ರೆ ನಮ್ಮದು ಮುಗೀತು."

"ನಿಮ್ಮ ಹಾಡಲ್ಲಿ ಬೈಯೋಕೆ ಏನೂ ಇಲ್ಲ."

"ಹುಡುಕಿ ಸರ್. ನಿಮಗೇನು ಕಷ್ಟ? ನೀವು ಎಂಥೆಂಥದ್ದಕ್ಕೋ ಬೈದಿದೀರಿ."

ಅವಳು ಹೋದ ಮೇಲೆ ಅವನು ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕುಕ್ಕರಿಸಿದ. "ನೋಡಿದ್ಯಾ ಅಕ್ಕ? ಹೊಗಳಿದ್ದಕ್ಕೆ ದೂರು ಕೊಡೋಕೆ ಬಂದಿದಾಳೆ. ಜನಕ್ಕೆ ಮತಿಗೆಟ್ಟಿದೆ."

"ನೀನು ಹೊಗಳಿದ್ದನ್ನ ಯಾರಾದ್ರೂ ಯಾವತ್ತಾದ್ರೂ ನೋಡಿದಾರೇನೋ? ಹೇಗಿರುತ್ತೆ ಅಂತ ಗೊತ್ತಿಲ್ಲದೆ ಗುರುತು ಹಿಡಿಯೋದು ಹೇಗೆ?"

ಮಾತು ನಾಟಿತು. ಅವನು ಮೇಲೆ ಹೋಗಿ, ಸರಿಯಾಗಿಯೇ ಹೊಗಳಿ ತೋರಿಸುತ್ತೇನೆಂದು ಕೂತ. ಬೈಯುವುದು ನೀರು ಕುಡಿದಷ್ಟು ಸುಲಭವಿದ್ದವನಿಗೆ ಹೊಗಳುವುದು ಬೆಟ್ಟವಾಯಿತು. ಮೊದಲ ಪ್ರಯತ್ನ ಸೋಪಿನ ಜಾಹೀರಾತಿನಂತಿತ್ತು. ಎರಡನೆಯದನ್ನು ಓದಿದರೆ ಗಾಯಕಿ ತೀರಿಕೊಂಡಿದ್ದಾಳೆ ಎನಿಸುತ್ತಿತ್ತು. ಹಾಳೆ ಹರಿದ, ಮತ್ತೆ ಬರೆದ, ಮತ್ತೆ ಹರಿದ.

ಮರುದಿನ ಸಂಜೆ ಅವಳ ಅಂಗಡಿಗೇ ಹೋದ. ಬಾಗಿಲು ಎಳೆದ ಮೇಲೆ ಅವರ ಅಭ್ಯಾಸ ಅಲ್ಲಿಯೇ. ಗೋಡೆಯ ತುಂಬ ಕನ್ನಡಕದ ಚೌಕಟ್ಟುಗಳು. ಕಣ್ಣು ಪರೀಕ್ಷೆಯ ಫಲಕದ ಕೆಳಗೆ ಡ್ರಮ್ಸು ಇಟ್ಟುಕೊಂಡು ಮೈದುನ ಮುಖ ಊದಿಸಿ ಕೂತಿದ್ದ. ನಾದಿನಿ ಬೇಸಿನ ತಂತಿ ಬಿಗಿಯುತ್ತಾ, "ಬೈಯೋಕೆ ಬಂದ್ರಾ ಸರ್? ಸದ್ಯ" ಎಂದಳು. ಅವರು ನುಡಿಸಿದರು. ಡ್ರಮ್ಸಿನ ಏಟಿಗೆ ಗೋಡೆಯ ಕನ್ನಡಕಗಳೆಲ್ಲ ಸಣ್ಣಗೆ ಗಲಗಲ ಎನ್ನುತ್ತಿದ್ದವು. ಆ ಒಂದು ಪೆಟ್ಟು ಬಿಡುವಲ್ಲಿ ಕೋಣೆಯೇ ಉಸಿರು ಹಿಡಿದಂತಾಯಿತು.

"ಬೈರಿ ಈಗ" ಎಂದ ಮೈದುನ.

"ಎರಡನೇ ಚರಣದಲ್ಲಿ ನೀನು ತಾಳಕ್ಕಿಂತ ಮುಂದೆ ಓಡ್ತೀಯ" ಎಂದ ಚುಚ್ಚುಮದ್ದು.

"ಅದು ಬೈಗುಳ ಅಲ್ಲ ಸರ್, ತಿದ್ದೋದು. ಟೀ ಶರ್ಟಿನ ಮೇಲೆ ಬರೆಸೋಕಾಗಲ್ಲ."

ಅವನು ಮನೆಗೆ ನಡೆದು ಬಂದ. ದಾರಿಯುದ್ದಕ್ಕೂ ಆ ಕುಟುಂಬಕ್ಕೆ, ಅವರ ಟೀ ಶರ್ಟಿಗೆ, ಇಡೀ ಮನುಷ್ಯಕುಲಕ್ಕೆ ಹಿಡಿಶಾಪ ಹಾಕಿದ. ಮೇಜಿನ ಮುಂದೆ ಕೂತವನು, ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಬರೆದ.

"ನನ್ನ ಹೆಂಡತಿ ನನ್ನನ್ನು ಬಿಟ್ಟು ಹೊರಟ ದಿನ ಅವಳ ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲಿನಿಂದ ನಾನು ಹಿಡಿದಿದ್ದೆ, ಕೆಳಗಿನಿಂದ ಅವಳು. ಸ್ವಲ್ಪ ಎಡಕ್ಕೆ, ಎಂದೆ. ಯಾರ ಎಡಕ್ಕೆ, ಎಂದಳು. ನನ್ನ ಎಡಕ್ಕೆ, ಎಂದೆ. ಯಾವಾಗಲೂ ನಿನ್ನ ಎಡಕ್ಕೇ, ಎಂದಳು. ಆಮೇಲೆ ಬೀರು ಜಾರಿತು, ಅವಳು ಹೋದಳು. ನಾವಿಬ್ಬರೂ ಆಡಿದ ಕೊನೆಯ ಮಾತು ಅದು. ಅದನ್ನು ಹಾಡಬಹುದೆಂದು ಕೆಳಗಿನ ಮನೆಯವರು ಹಾಡುವ ತನಕ ನನಗೆ ಗೊತ್ತಿರಲಿಲ್ಲ. ಈ ಆಲ್ಬಮಿನಲ್ಲಿ ಉಳಿದವರು ಸದ್ದು ಮಾಡುತ್ತಾರೆ. ಇವರು ಮಾತ್ರ ಸುಮ್ಮನಿರುವುದನ್ನು ಬಲ್ಲರು." ಓದಿ ನೋಡಿದ. ಕುಟುಕು ಎಂಬುದು ಎಲ್ಲೂ ಇರಲಿಲ್ಲ. ಕಳಿಸಿಬಿಟ್ಟ.

ಅಚ್ಚಾದ ದಿನ ಸಂಪಾದಕನ ಫೋನು. ನಗುವಿನಲ್ಲಿ ಮಾತೇ ಹೊರಡುತ್ತಿಲ್ಲ. "ಸರ್, ಇಲ್ಲೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದೀವಿ. ಹೊಗಳಿದ ಹಾಗೇ ಮಾಡಿ ಹೂತುಹಾಕಿದೀರಲ್ಲ! ಸುಮ್ಮನಿರೋದನ್ನ ಬಲ್ಲರು ಅಂತೆ! ಬಾಯಿ ಮುಚ್ಕೊಂಡಿರಿ ಅಂತ ಇಷ್ಟು ನಾಜೂಕಾಗಿ ಯಾರು ಹೇಳ್ತಾರೆ? ಆ ಬೀರಿನ ಕಟ್ಟುಕಥೆಯಂತೂ..."

ಚುಚ್ಚುಮದ್ದು ಫೋನು ಇಟ್ಟ. ಸಂಜೆಯ ಹೊತ್ತಿಗೆ ಯಾರ ಎಡಕ್ಕೆ ಎಂಬುದು ಎಲ್ಲರ ಬಾಯಲ್ಲಿ ಆಡತೊಡಗಿತ್ತು. ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದವರೂ ಅದನ್ನೇ ಹೇಳಿ ನಕ್ಕರು.

ಅಕ್ಕ ಮಾತ್ರ ನಗಲಿಲ್ಲ. ಪತ್ರಿಕೆ ಮಡಿಚಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು. "ಆ ಬೀರು ಹಿಡಿದೋರಲ್ಲಿ ನಾನೂ ಇದ್ದೆ ಕಣೋ. ನಿಮ್ಮಿಬ್ಬರ ಮಧ್ಯೆ, ಗೋಡೆಗೆ ಅಂಟ್ಕೊಂಡು. ನನ್ನ ಬಿಟ್ಟೇಬಿಟ್ಟಿದೀಯಲ್ಲ."

"ಜಾಗ ಇರಲಿಲ್ಲ."

"ಅವತ್ತೂ ಇರಲಿಲ್ಲ" ಎಂದು ಅವಳು ಗಿರಾಕಿಯತ್ತ ತಿರುಗಿದಳು.

ಕನ್ನಡಕದ ಅಂಗಡಿಯವಳು ಮಾರನೆಯ ದಿನ ಬಂದಳು. ಹಲ್ಲುಪುಡಿಯ ಸಾಲನ್ನು ನೋಡುತ್ತಾ ನಿಂತಳು. "ಸರ್, ಅದು ಬೈಗುಳ ಅಲ್ಲ ಅಲ್ವಾ?"

"ಅಲ್ಲ."

"ನನಗೆ ಓದಿದ ತಕ್ಷಣ ಗೊತ್ತಾಯ್ತು." ಅವಳು ತಲೆ ತಗ್ಗಿಸಿದಳು. "ಆದ್ರೆ ಎಲ್ಲರೂ ನಗ್ತಿದಾರೆ. ಎರಡು ಕಡೆಯಿಂದ ಕರೆ ಬಂತು. ಮೈದುನ ಇಲ್ಲೇ ಇರ್ತೀನಿ ಅಂತಿದಾನೆ, ಯಾರ ಎಡಕ್ಕೆ ಅಂತ ಟೀ ಶರ್ಟ್ ಮಾಡಿಸೋಣ ಅಂತ ಕುಣೀತಿದಾನೆ. ನೀವು ಬೇಡ ಅಂದ್ರೆ ಮಾಡಿಸಲ್ಲ. ಅದು ಹೊಗಳಿಕೆ ಅಂತ ನಾನೇ ಎಲ್ಲರಿಗೂ ಹೇಳ್ತೀನಿ."

ಬೇಡ ಎನ್ನಲು ಅವನು ಬಾಯಿ ತೆರೆದ. ತನ್ನ ಬದುಕಿನ ಒಂದೇ ಒಂದು ನೆಟ್ಟಗಿನ ಮಾತನ್ನು ಆ ಪೋಲಿಗಳು ಎದೆಗೆ ಅಂಟಿಸಿಕೊಂಡು ಕುಣಿಯುವುದನ್ನು ನೆನೆದರೆ ಮೈ ಉರಿಯಿತು. ಆದರೆ ಹೊಗಳಿಕೆ ಎಂದು ಹೇಳಿದ ಕ್ಷಣವೇ ಈ ಮೂವರ ಹಾಡು ಮತ್ತೆ ಕಾಫಿಯ ಹೊತ್ತಾಗುತ್ತದೆ ಎಂಬುದೂ ಅಷ್ಟೇ ಖಚಿತವಿತ್ತು.

"ಮಾಡಿಸಮ್ಮ" ಎಂದ. "ಒಳ್ಳೇ ಬಟ್ಟೆ ಹಾಕಿಸು. ಉಕ್ಕಿನ ಗೋರಿಯವರದು ಒಂದು ಒಗೆತಕ್ಕೇ ಕುಗ್ಗಿದೆಯಂತೆ."

ಅವರ ಮುಂದಿನ ಕಾರ್ಯಕ್ರಮಕ್ಕೆ ಅವನು ಅಕ್ಕನನ್ನೂ ಕರೆದುಕೊಂಡು ಹೋದ. ಅಕ್ಕ ಅಂಗಡಿಯಿಂದಲೇ ಹತ್ತಿ ತಂದು ಎರಡೂ ಕಿವಿಗೆ ತುರುಕಿಕೊಂಡಿದ್ದಳು. ಗೋದಾಮು ಕಿಕ್ಕಿರಿದಿತ್ತು. ಎಲ್ಲಿ ನೋಡಿದರೂ ಆ ಎರಡು ಪದ, ತೆಳ್ಳನೆಯ ಎದೆಗಳ ಮೇಲೆ, ಹೊಟ್ಟೆಗಳ ಮೇಲೆ. ಗಾಯಕಿ ಅಂಕಣವನ್ನು ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಜನರೇ ಕೂಗಿ ಒಪ್ಪಿಸುತ್ತಿದ್ದರು. ಹಾಡು ಶುರುವಾಯಿತು. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು, ಮೈದುನ ಆ ಒಂದು ಪೆಟ್ಟನ್ನು ಬಿಟ್ಟ. ಆ ಖಾಲಿಗೇ ಕಾದು ಕೂತಿದ್ದಂತೆ ಇಡೀ ಗೋದಾಮು "ಯಾರ ಎಡಕ್ಕೆ?" ಎಂದು ಅರಚಿತು.

"ಬಾಯಿ ಮುಚ್ಚೋ!" ಎಂದು ಚುಚ್ಚುಮದ್ದು ಪಕ್ಕದವನಿಗೆ ಗದರಿದ.

ಪಕ್ಕದವನು ತಿರುಗಿ ನೋಡಿ, ಗುರುತು ಹಿಡಿದು, ಧನ್ಯನಾದವನಂತೆ ಮೊಬೈಲು ಎತ್ತಿದ. "ಸರ್, ಇನ್ನೊಂದು ಸಲ ಹೇಳಿ ಸರ್. ಇತ್ತ ಕಡೆ ನೋಡ್ಕೊಂಡು."

ಅವನ ಕೈಗೆ ಸಿಗದೆ ಚುಚ್ಚುಮದ್ದು ಮುಂದಕ್ಕೆ ನುಗ್ಗಿದ. ಅಕ್ಕ ಅವನ ಹಿಂದೆಯೇ, ಸರತಿ ತಪ್ಪಿಸುವ ಗಿರಾಕಿಗಳನ್ನು ಗದರುವ ದನಿಯಲ್ಲಿ "ದಾರಿ ಬಿಡ್ರಪ್ಪ" ಎನ್ನುತ್ತಾ ಬಂದಳು. ವೇದಿಕೆಯ ಬುಡದಲ್ಲಿ, ಸ್ಪೀಕರಿನ ಗಾಳಿಗೆ ಅಂಗಿ ಅದುರುವಷ್ಟು ಹತ್ತಿರದಲ್ಲಿ ಇಬ್ಬರೂ ನಿಂತರು. ಅಲ್ಲಿ ಜನರ ಕೂಗು ಕೇಳಿಸುತ್ತಿರಲಿಲ್ಲ, ಹಾಡು ಮಾತ್ರ. ಮೈದುನ ಎರಡನೇ ಚರಣದಲ್ಲಿ ಓಡಲಿಲ್ಲ.

"ಮೂರ್ಖರು" ಎಂದ ಅವನು, ಹಿಂದಿನವರನ್ನು ನೆನೆದು.

ಅಕ್ಕ ಒಂದು ಕಿವಿಯ ಹತ್ತಿ ತೆಗೆದಳು. "ಏನಂದೆ?"

"ಚೆನ್ನಾಗಿ ಹಾಡ್ತಿದಾರೆ ಅಂದೆ."

"ಅದನ್ನ ಗಟ್ಟಿಯಾಗಿ ಹೇಳೋಕೆ ನಿನಗೇನು ಧಾಡಿ?" ಎಂದು ಅಕ್ಕ, ಹತ್ತಿಯನ್ನು ಮತ್ತೆ ತುರುಕಿಕೊಳ್ಳದೆ, ಹಾಗೆಯೇ ನಿಂತು ಕೇಳಿದಳು.